ಆಳು ಸಿಗುತ್ತಿಲ್ಲವೋ, ನಿಲ್ಲುತ್ತಿಲ್ಲವೋ: ಸಂಬಳ ಪರಿಷ್ಕರಿಸಿದ ನನ್ನ ಅನುಭವ

ನಾನು ಸಿದ್ಧ ಉಡುಪಿನ ಸಣ್ಣ ಘಟಕವೊಂದನ್ನು ನಡೆಸುತ್ತೇನೆ. ನಮ್ಮ ವೃತ್ತಿಯವರು ಇಬ್ಬರು ಸೇರಿದರೆ ಮೊದಲು ಬರುವ ಮಾತು ‘ಆಳು ಸಿಗುತ್ತಿಲ್ಲ’ ಎಂಬುದೇ. ಅದು ಎಷ್ಟರ ಮಟ್ಟಿಗೆ ನಿಜವೆಂದು ತಿಳಿಯಲು ಹಳೆಯ ಹಾಜರಿ ಪುಸ್ತಕಗಳನ್ನು ತಿರುವಿ ಹಾಕಿದಾಗ, ಕೆಲಸಕ್ಕೆ ಸೇರುವವರಿಗೆ ಕೊರತೆ ಇರಲಿಲ್ಲ, ನಿಲ್ಲುವವರು ಇರಲಿಲ್ಲ ಎಂಬುದು ಕಂಡಿತು. ಹೊಸಬರ ಹೆಸರಿನ ಮುಂದಿನ ಹಾಜರಿ ಗುರುತು ಬಹುಪಾಲು ಸಂಬಳದ ಬಟವಾಡೆಯಾದ ಮರುದಿನವೇ ನಿಂತುಹೋಗಿತ್ತು.

ನಾವು ಕೊಡುತ್ತಿದ್ದುದು ಕಾನೂನು ನಿಗದಿಪಡಿಸಿದ ಕನಿಷ್ಠ ಕೂಲಿಯನ್ನೇ. ಆದರೆ ಅದು ಯಾರೂ ಇಳಿಯಬಾರದ ಗೆರೆ. ಎಲ್ಲ ಘಟಕಗಳೂ ಅದೇ ಗೆರೆಯ ಮೇಲೆ ನಿಂತರೆ ಕೆಲಸಗಾರರಿಗೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ನಷ್ಟವೇನೂ ಇಲ್ಲ. ನಷ್ಟವಾಗುವುದು ಘಟಕಕ್ಕೆ. ಕಾಲರ್ ಕೂರಿಸುವ ಟೈಲರ್ ಬಿಟ್ಟುಹೋದರೆ ಹಿಂದಿನ ಮಿಷನ್‌ಗಳಿಂದ ಬಂದ ತುಂಡುಗಳು ಅಲ್ಲೇ ರಾಶಿ ಬೀಳುತ್ತವೆ, ಮುಂದಿನವರು ಕೈ ಕಟ್ಟಿ ಕೂರುತ್ತಾರೆ, ಹೊಸಬರ ಕೈ ಪಳಗುವವರೆಗೆ ಆಲ್ಟರೇಷನ್, ಅಂದರೆ ತಪ್ಪಾದ ಹೊಲಿಗೆಯನ್ನು ಮತ್ತೆ ಸರಿಪಡಿಸುವ ಕೆಲಸ, ಹೆಚ್ಚುತ್ತದೆ, ಸರಕು ತಡವಾದುದಕ್ಕೆ ಖರೀದಿದಾರರು ಬಿಲ್ಲಿನಲ್ಲಿ ಹಣ ಕಡಿಯುತ್ತಾರೆ. ಇದಾವುದೂ ಸಂಬಳದ ಪಟ್ಟಿಯಲ್ಲಿ ಬರೆದಿರುವುದಿಲ್ಲವಾದ್ದರಿಂದ ಸಂಬಳ ಹೆಚ್ಚಿಸುವುದೊಂದೇ ಖರ್ಚಿನಂತೆ ಕಾಣುತ್ತದೆ.

ಈ ಲೆಕ್ಕ ಹೊಸದೇನಲ್ಲ. 1914ರ ಜನವರಿಯಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ತನ್ನ ಕಾರು ಕಾರ್ಖಾನೆಯಲ್ಲಿ ಎಂಟು ಗಂಟೆಯ ದಿನಕ್ಕೆ ಐದು ಡಾಲರ್ ಎಂದು ಘೋಷಿಸಿದಾಗ, ಅದರ ಹಿಂದಿದ್ದ ಮುಖ್ಯ ಒತ್ತಡವೆಂದರೆ ಹಿಂದಿನ ವರ್ಷ ಕೆಲಸ ಬಿಟ್ಟವರ ಪ್ರಮಾಣ ಒಟ್ಟು ಕೆಲಸಗಾರರ ಮೂರೂವರೆ ಪಟ್ಟಿಗೂ ಮೀರಿದ್ದುದು. ಅಲ್ಲಿ ಆ ಐದು ಡಾಲರಿನ ಒಂದು ಭಾಗವನ್ನು ಕೆಲಸಗಾರರ ಮನೆಯ ನಡವಳಿಕೆಗೆ ಗಂಟುಹಾಕಿ, ಪರಿಶೀಲಿಸಲು ಜನರನ್ನು ಅವರ ಮನೆಗೇ ಕಳಿಸುತ್ತಿದ್ದರು. ಆ ಭಾಗ ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ಹೆಚ್ಚಳವನ್ನು ಬೋನಸ್ಸು, ಹಾಜರಿ ಭತ್ಯೆ ಎಂದು ಷರತ್ತಿಗೆ ಕಟ್ಟದೆ ನೇರವಾಗಿ ಮೂಲ ವೇತನಕ್ಕೇ ಸೇರಿಸಿದೆ.

ನಿಜವಾದ ತೊಡಕು ಬಂದದ್ದು ಹಳಬರಿಂದ. ಹೆಲ್ಪರ್‌ಗಳ ಸಂಬಳ ಏರಿಸುವ ಪಟ್ಟಿ ಸಿದ್ಧವಾಗುತ್ತಿದ್ದಾಗಲೇ ಚೆಕ್ಕಿಂಗ್ ಮೇಜಿನ ಹಿರಿಯ ಹೆಂಗಸೊಬ್ಬರು ಬಂದು, “ಸಾರ್, ನಿನ್ನೆ ಬಂದ ಹುಡುಗಿಗೂ ನನಗೂ ಇನ್ನು ಒಂದು ಚಹಾದಷ್ಟೇ ಅಂತರ ಉಳಿಯುತ್ತೆ, ಅಲ್ವಾ?” ಎಂದರು. ಕೆಳಗಿನ ಮೆಟ್ಟಿಲನ್ನು ಮಾತ್ರ ಎತ್ತಿದರೆ ಮೇಲಿನವು ಅದಕ್ಕೆ ತಾಗುತ್ತವೆ. ಕನಿಷ್ಠ ಕೂಲಿ ಪರಿಷ್ಕರಣೆಯಾದಾಗಲೆಲ್ಲ ಅನುಭವಿಗಳು ಮುನಿಸಿಕೊಳ್ಳುವುದಕ್ಕೆ ಇದೇ ಕಾರಣ. ಆದ್ದರಿಂದ ಎಷ್ಟು ಬಗೆಯ ಮಿಷನ್ ನಡೆಸಬಲ್ಲರು, ಹೊಸಬರಿಗೆ ಕಲಿಸಬಲ್ಲರೇ, ಎಷ್ಟು ವರ್ಷದಿಂದ ಇದ್ದಾರೆ ಎಂಬುದನ್ನು ನೋಡಿ ದರ್ಜೆಗಳನ್ನು ಮಾಡಿ, ಪ್ರತಿ ದರ್ಜೆಯ ನಡುವೆ ಇಂತಿಷ್ಟು ಶೇಕಡಾ ಅಂತರವಿರಲೇಬೇಕೆಂದು ಗೊತ್ತುಪಡಿಸಿ, ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿದೆವು. ಅಂಟಿಸಿದ ಮೇಲೆ ಜಗಳಗಳು ಹೆಚ್ಚಾದವು ಎಂಬುದೂ ಸತ್ಯ, ಆದರೆ ಅವು ಗುಸುಗುಸು ಬಿಟ್ಟು ನನ್ನ ಮೇಜಿನ ಮುಂದೆಯೇ ನಡೆದವು.

ಹೊಲಿದ ತುಂಡಿಗಿಷ್ಟು ಎಂದು ಕೂಲಿ ಕೊಡುವ ಪೀಸ್ ರೇಟಿನ ಸಾಲಿನಲ್ಲಿ ಒಂದೇ ನಿಯಮ ಸೇರಿಸಿದೆ: ಬಟ್ಟೆ ಬರುವುದು ತಡವಾಗಿಯೋ ಕರೆಂಟು ಹೋಗಿಯೋ ತುಂಡುಗಳು ಕಡಿಮೆಯಾದ ದಿನವೂ ದಿನಗೂಲಿ ಕನಿಷ್ಠದ ಕೆಳಗೆ ಇಳಿಯಬಾರದು. ಓಟಿಯನ್ನು (ಹೆಚ್ಚುವರಿ ಗಂಟೆಗಳ ಕೂಲಿಯನ್ನು) ಸಂಬಳದ ಚೀಟಿಯಲ್ಲಿ ಬೇರೆ ಸಾಲಾಗಿ ತೋರಿಸತೊಡಗಿದೆವು.

ಬಿಟ್ಟುಹೋಗುವವರು ಕಡಿಮೆಯಾದರು, ಆಲ್ಟರೇಷನ್ ಇಳಿಯಿತು, ಆದರೆ ಹೆಚ್ಚಿದ ಖರ್ಚೆಲ್ಲ ಅದರಿಂದಲೇ ತುಂಬಲಿಲ್ಲ. ಉಳಿದದ್ದನ್ನು ದರದಲ್ಲಿ ಕೇಳಬೇಕಾಯಿತು. ಒಂದು ಅಂಗಿಗೆ ಎಷ್ಟು ನಿಮಿಷದ ಹೊಲಿಗೆ, ಆ ನಿಮಿಷಕ್ಕೆ ಎಷ್ಟು ಕೂಲಿ ಎಂಬುದನ್ನು ದರಪಟ್ಟಿಯಲ್ಲಿ ಪ್ರತ್ಯೇಕವಾಗಿ ಬರೆದು ಕಳಿಸಿದೆ. ಖರೀದಿದಾರರೊಬ್ಬರು ಒಪ್ಪಿದರು, ಇನ್ನೊಬ್ಬರು ಆರ್ಡರನ್ನು ಬೇರೆಡೆಗೆ ಕೊಟ್ಟರು. ಕೂಲಿಯ ಆ ಸಾಲನ್ನು ಚೌಕಾಸಿಗೆ ಇಡದೆ, ಉಳಿದ ಸಾಲುಗಳಲ್ಲಿ ಮಾತ್ರ ಇಂದಿಗೂ ಮಾತುಕತೆ ನಡೆಸುತ್ತೇನೆ.