ಗಡಿ ಗ್ರಾಮದ ಜೀವನೋಪಾಯಕ್ಕೆ ನೆರವು ಕೋರುವ ಬಗೆ

ಉತ್ತರಾಖಂಡ ಅಥವಾ ಹಿಮಾಚಲ ಪ್ರದೇಶದ ಗಡಿ ಗ್ರಾಮದಲ್ಲಿ ಸ್ವಸಹಾಯ ಸಂಘ ಕಟ್ಟಲು ಹೊರಟವರು ಮೊದಲು ಆ ಹಳ್ಳಿ, ಗಡಿ ಗ್ರಾಮಗಳ ಅಭಿವೃದ್ಧಿಗಾಗಿ ಕೇಂದ್ರ ಗೃಹ ಸಚಿವಾಲಯ ನಡೆಸುವ ‘ವೈಬ್ರೆಂಟ್ ವಿಲೇಜಸ್’ ಕಾರ್ಯಕ್ರಮದ ಪಟ್ಟಿಯಲ್ಲಿದೆಯೇ ಎಂಬುದನ್ನು ಜಿಲ್ಲಾಡಳಿತದಲ್ಲಿ ವಿಚಾರಿಸಬೇಕು. 2023ರ ಫೆಬ್ರುವರಿಯಲ್ಲಿ 4,800 ಕೋಟಿ ರೂಪಾಯಿಗಳೊಂದಿಗೆ ಒಪ್ಪಿಗೆ ಪಡೆದ ಇದರ ಮೊದಲ ಹಂತವು ಅರುಣಾಚಲ, ಸಿಕ್ಕಿಂ, ಉತ್ತರಾಖಂಡ, ಹಿಮಾಚಲ ಮತ್ತು ಲಡಾಖ್‌ನ 19 ಜಿಲ್ಲೆಗಳ ಉತ್ತರ ಗಡಿಗೆ ಸೀಮಿತವಾಗಿತ್ತು. ಉಳಿದ ಭೂಗಡಿಗಳಿಗೆ ಎರಡನೆಯ ಹಂತ 2025ರ ಏಪ್ರಿಲ್‌ನಲ್ಲಿ ಮಂಜೂರಾಯಿತು. ಅಂತರರಾಷ್ಟ್ರೀಯ ಭೂಗಡಿಯಿಲ್ಲದ ಕರ್ನಾಟಕ ಇದರಲ್ಲಿಲ್ಲ. ನಮ್ಮ ಅಂತರರಾಜ್ಯ ಗಡಿಗೆ 2010ರ ಕಾಯ್ದೆಯಡಿಯ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ.

‘ವೈಬ್ರೆಂಟ್ ವಿಲೇಜಸ್’ನಲ್ಲಿ ನಿಜವಾದ ಕೆಲಸವಿರುವುದು ಗ್ರಾಮದ ಕ್ರಿಯಾಯೋಜನೆಯಲ್ಲಿ. ಅದನ್ನು ಜಿಲ್ಲಾಡಳಿತವು ಗ್ರಾಮ ಪಂಚಾಯಿತಿಯ ನೆರವಿನಿಂದ ರೂಪಿಸುವುದರಿಂದ, ಪಂಚಾಯಿತಿಯ ಸಭೆಯಲ್ಲಿ ದಾಖಲಾಗದ ಬೇಡಿಕೆ ಮುಂದೆ ಸಾಗುವುದು ಕಷ್ಟ. ‘ಅಭಿವೃದ್ಧಿ ಬೇಕು’ ಎಂದಷ್ಟೇ ಬರೆಯದೆ, ಊರಿನಲ್ಲಿ ಉಣ್ಣೆ ನೇಯುವವರೆಷ್ಟು, ಹಣ್ಣು ಎಷ್ಟು ಬೆಳೆಯುತ್ತದೆ, ಚಳಿಗಾಲದಲ್ಲಿ ರಸ್ತೆ ಎಷ್ಟು ದಿನ ಮುಚ್ಚಿರುತ್ತದೆ, ಎಷ್ಟು ಮನೆಗಳಿಗೆ ಬೀಗ ಬಿದ್ದಿದೆ ಎಂಬುದನ್ನು ಎಣಿಸಿ ಕೊಡಿ. ವಲಸೆ ತಡೆಯುವುದೇ ಯೋಜನೆಯ ಮುಖ್ಯ ಗುರಿಯಾದ್ದರಿಂದ ಬೀಗ ಬಿದ್ದ ಮನೆಗಳ ಲೆಕ್ಕಕ್ಕೆ ಬೇರೆಲ್ಲ ವಿವರಗಳಿಗಿಂತ ಹೆಚ್ಚಿನ ತೂಕವಿದೆ ಎಂದು ನನ್ನ ಅಭಿಪ್ರಾಯ.

ಕೇಂದ್ರದ ಪ್ರತ್ಯೇಕ ಯೋಜನೆಯಾದ ಗಡಿ ಪ್ರದೇಶ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಈಗಾಗಲೇ ಸೇರಿರುವ ಕಾಮಗಾರಿಯನ್ನು ಮತ್ತೆ ಕೇಳಬೇಡಿ.