ಜೋಡಿಯಾದರೆ ಮಾತ್ರ ದತ್ತು: ವಿಜಯಪುರದಲ್ಲಿ ಮೊಲಗಳಿಗೆ ಮನೆ ಹುಡುಕಿದ ನನ್ನ ಅನುಭವ

ಕೈಬಿಟ್ಟ ಮೊಲವನ್ನು ಒಂಟಿಯಾಗಿ ಯಾರಿಗೂ ಕೊಡುವುದಿಲ್ಲ, ಕೊಟ್ಟರೆ ಜೋಡಿಯಾಗಿಯೇ, ಅದೂ ಗಂಡಿನ ಸಂತಾನಹರಣ ಶಸ್ತ್ರಚಿಕಿತ್ಸೆ ಮುಗಿದ ಮೇಲೆಯೇ ಎಂದು ನಾನು ಕಟ್ಟುನಿಟ್ಟು ಮಾಡಿದಾಗ, ಈ ಕೆಲಸದಲ್ಲಿ ನನಗಿಂತ ಹಳಬರಾದವರು ಯಾರೂ ಅದನ್ನು ಒಪ್ಪಲಿಲ್ಲ. "ಒಂದ್ ಒಯ್ಯಾಕ ಮಂದಿ ಹಿಂದ ಮುಂದ ನೋಡ್ತಾರ, ಎರಡೆರಡು ಯಾರ್ ಒಯ್ತಾರ್ರೀ ಸರ?" ಎಂದು ಬಾಗಲಕೋಟೆಯ ಗೆಳೆಯರೊಬ್ಬರು ಕೇಳಿದ್ದರು. ಇಂದಿಗೆ ಸುಮಾರು 60 ಜೋಡಿಗಳು ಮನೆ ಸೇರಿವೆ. ಮರಳಿ ಬಂದವು 5–6 ಜೋಡಿ ಇದ್ದಾವು. ಒಂಟಿಯಾಗಿ ಕೊಡುತ್ತಿದ್ದ ಕಾಲದಲ್ಲಿ ಹತ್ತಕ್ಕೆ ನಾಲ್ಕು ತಿರುಗಿ ಬರುತ್ತಿದ್ದವು. ಪಂಜರದ ಸರಳು ಕಡಿಯುತ್ತದೆ, ಮುಟ್ಟಿದರೆ ಗುರ್ರೆನ್ನುತ್ತದೆ, ಮೂಲೆ ಬಿಟ್ಟು ಏಳುವುದಿಲ್ಲ ಎಂಬ ಅವೇ ದೂರುಗಳು ಪ್ರತಿ ಸಲವೂ ಕೇಳಿಬರುತ್ತಿದ್ದವು. ಜೊತೆಯಲ್ಲಿ ಇನ್ನೊಂದು ಮೊಲವಿದ್ದಾಗ ಇವುಗಳಲ್ಲಿ ಬಹಳಷ್ಟು ತಾವಾಗಿಯೇ ನಿಂತುಹೋಗುತ್ತವೆ.

ನಮ್ಮಲ್ಲಿಗೆ ಬರುವ ಮೊಲಗಳಲ್ಲಿ ಕೆಲವು ಮಕ್ಕಳ ಹಟಕ್ಕೆ ಕೊಂಡು ಬೇಸರವಾದ ಮೇಲೆ ಬಿಟ್ಟವು. ದೊಡ್ಡ ಸಂಖ್ಯೆಯಲ್ಲಿ ಬಂದವು ಮಾತ್ರ ಸಾಕಣೆಯ ಶೆಡ್ಡುಗಳಿಂದ. ಬೆಳೆಸಿದ ಮೊಲಗಳನ್ನು ತಾನೇ ಮರಳಿ ಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದ ಕಂಪನಿಯೊಂದು ಫೋನು ಎತ್ತದೆ ಹೋದಾಗ, ಸಾಲ ಮಾಡಿ ಶೆಡ್ಡು ಕಟ್ಟಿದ್ದ ರೈತರೊಬ್ಬರು 80ರಷ್ಟು ಮೊಲಗಳನ್ನು ಟೆಂಪೋದಲ್ಲಿ ತುಂಬಿ ನಮ್ಮ ತೋಟಕ್ಕೆ ತಂದು ಇಳಿಸಿದರು. ಗಂಡು ಹೆಣ್ಣು ಎಲ್ಲವೂ ಒಂದರಲ್ಲೊಂದು ಬೆರೆತಿದ್ದವು, ತಂತಿಯ ನೆಲದ ಮೇಲೆಯೇ ಬೆಳೆದುದರಿಂದ ಅರ್ಧಕ್ಕರ್ಧ ಮೊಲಗಳ ಹಿಂಗಾಲಿನ ಅಡಿ ಹುಣ್ಣಾಗಿತ್ತು. ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲ, 31 ದಿನಗಳ ಆಸುಪಾಸಿನಲ್ಲಿ ಮತ್ತೊಂದು ಸೂಲು ಹಾಕಬಲ್ಲ ಪ್ರಾಣಿಯಿದು. ಹಾಗಾಗಿ ಗಂಡುಗಳನ್ನು ಬೇರ್ಪಡಿಸುವ ಕೆಲಸವನ್ನು ಅದೇ ರಾತ್ರಿ ಬ್ಯಾಟರಿ ಬೆಳಕಿನಲ್ಲಿಯೇ ಮುಗಿಸಬೇಕಾಯಿತು.

ಹೆಣ್ಣಿನ ಶಸ್ತ್ರಚಿಕಿತ್ಸೆಗೆ ಹೊಟ್ಟೆ ತೆರೆಯಬೇಕು. ಖರ್ಚು ನಾಲ್ಕು ಸಾವಿರದ ಹತ್ತಿರ ಹೋಗುತ್ತದೆ. ಗಂಡಿನದು ಒಂದೂವರೆ ಸಾವಿರದಲ್ಲಿ ಮುಗಿಯುತ್ತದೆ. ಇದ್ದ ಹಣವನ್ನು ಎರಡಕ್ಕೂ ಹಂಚಿದ್ದರೆ ಯಾವುದೂ ಮುಗಿಯುತ್ತಿರಲಿಲ್ಲ. ಆದ್ದರಿಂದ ಮೊದಲು ಗಂಡುಗಳೆಲ್ಲವನ್ನೂ ಮುಗಿಸಿ, ಗರ್ಭಕೋಶದ ಕ್ಯಾನ್ಸರಿನ ಭಯವಿರುವ ಹೆಣ್ಣುಗಳನ್ನು ದೇಣಿಗೆ ಬಂದಂತೆ ಒಂದೊಂದಾಗಿ ಮಾಡಿಸಿದೆ. ಶಸ್ತ್ರಚಿಕಿತ್ಸೆಯಾದರೂ ಗಂಡಿನ ಮೈಯಲ್ಲಿ ಕೆಲವು ವಾರ ವೀರ್ಯ ಉಳಿದಿರುತ್ತದೆ, ಅಷ್ಟು ದಿನ ಅದು ಹೆಣ್ಣನ್ನು ಗಬ್ಬ ಮಾಡಬಲ್ಲದು; ಆದ್ದರಿಂದ ಹೆಣ್ಣಿನ ಜೊತೆ ಬಿಡುವ ಮುನ್ನ ನಾನು ಆರು ವಾರ ಕಾಯುತ್ತೇನೆ.

ಆರಂಭದಲ್ಲಿ ಕಳೆದುಕೊಂಡ ಮೊಲಗಳಲ್ಲಿ ಹೆಚ್ಚಿನವು ಕತ್ತರಿಯಿಂದ ಸಾಯಲಿಲ್ಲ, ಹಸಿವಿನಿಂದ ಸತ್ತವು. ನಾಯಿಗೆ ಮಾಡುವಂತೆ ಹಿಂದಿನ ರಾತ್ರಿಯಿಂದಲೇ ಉಪವಾಸ ಕೆಡವುವ ರೂಢಿ ಒಂದು ಚಿಕಿತ್ಸಾಲಯದಲ್ಲಿತ್ತು. ವಾಂತಿಯನ್ನೇ ಮಾಡಲಾರದ, ಕರುಳು ಸದಾ ಚಲಿಸುತ್ತಲೇ ಇರಬೇಕಾದ ಮೊಲಕ್ಕೆ ಅದು ಮೃತ್ಯುವೇ ಸರಿ. ಈಗ ನಮ್ಮ ವೈದ್ಯರು ಮೇಜಿನ ಮೇಲೆ ಮಲಗಿಸುವವರೆಗೂ ಹುಲ್ಲು ತಿನ್ನಲು ಬಿಡುತ್ತಾರೆ. ಮನೆಗೆ ತಂದ ಮೇಲೆ ನಾನು ಹಾಸಿನ ಮೇಲೆ ಬಿಳಿಯ ಬಟ್ಟೆ ಹಾಕಿ ಹಿಕ್ಕೆ ಎಣಿಸುತ್ತೇನೆ. ಕಡಲೆಕಾಳಿನಷ್ಟು ದುಂಡಗಿನ, ಒಡೆದರೆ ನಾರು ಕಾಣುವ ಹಿಕ್ಕೆ ಬಿದ್ದರೆ ಆ ರಾತ್ರಿ ನಿದ್ರೆ ಮಾಡಬಹುದು. ಸಣ್ಣಗೆ, ಕಪ್ಪಗೆ, ವಿರಳವಾಗಿ ಬಿದ್ದರೆ ವೈದ್ಯರನ್ನು ಎಬ್ಬಿಸಲೇಬೇಕು.

ಜೋಡಿ ಕೂಡಿಸುವುದೇ, ಅಂದರೆ ಎರಡು ಮೊಲಗಳು ಕಾದಾಡದೆ ಒಟ್ಟಿಗೆ ಇರುವಂತೆ ಒಗ್ಗಿಸುವುದೇ, ಈ ಪದ್ಧತಿಯ ಜೀವಾಳ. ಜಾಲರಿಯ ಆಚೆ ಈಚೆ ಇರಿಸಿ, ಒಂದರ ಹಾಸನ್ನು ಇನ್ನೊಂದಕ್ಕೆ ಬದಲಿಸುತ್ತ, ಕೊನೆಗೆ ಎರಡಕ್ಕೂ ಪರಿಚಯವಿಲ್ಲದ ತೊಳೆದ ಕೋಣೆಯಲ್ಲಿ ಬಿಡುವುದು ಎಲ್ಲರಿಗೂ ಗೊತ್ತಿರುವ ಕ್ರಮವೇ. ನಾನು ಆ ಕೋಣೆಗೆ ಬಿಡುವ ಮುನ್ನ ಎರಡರ ಹಣೆಗೂ ಒಂದು ವಸ್ತುವನ್ನು ಸವರುತ್ತೇನೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ಎದುರಿಗೇ ಮಾಡಿ ತೋರಿಸುತ್ತೇನೆ. ಇದರಿಂದ ತಿಂಗಳು ಹಿಡಿಯುತ್ತಿದ್ದ ಕೆಲಸ ನನ್ನಲ್ಲಿ ಹತ್ತು ಹನ್ನೆರಡು ದಿನಗಳಿಗೆ ಇಳಿದಿದೆ. ನನಗೆ ತಿಳಿದಮಟ್ಟಿಗೆ ನಮ್ಮ ಭಾಗದಲ್ಲಿ ಇಷ್ಟು ಬೇಗ ಜೋಡಿ ಕೂಡಿಸುವವರು ಬೇರೆ ಯಾರೂ ಇಲ್ಲ.

ನಮ್ಮೂರಿನ ಬೇಸಿಗೆಯ ಮಾತನ್ನು ಹೇಳದೆ ಇರಲಾಗದು. ಏಪ್ರಿಲ್–ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವಾಗ, 30 ಡಿಗ್ರಿಗೇ ಏದುಸಿರು ಬಿಡುವ ಪ್ರಾಣಿಯನ್ನು ತಗಡಿನ ಕೆಳಗೆ ಇಡುವಂತಿಲ್ಲ. ಕೂಲರಿಗೆ ಹನ್ನೆರಡು ಸಾವಿರ ಸುರಿದೆ. ಕರೆಂಟು ಹೋದೊಡನೆ ಅದು ಬರಿಯ ಡಬ್ಬಿಯಾಗಿ ಉಳಿಯಿತು. ಹಸಿ ಗೋಣಿಚೀಲ, ಅರ್ಧ ಮಣ್ಣಿನಲ್ಲಿ ಹೂತು ಅಡ್ಡ ಮಲಗಿಸಿದ ದೊಡ್ಡ ಗಡಿಗೆ, ನೆಲಕ್ಕೆ ಶಹಾಬಾದಿ ಫರಸಿ ಕಲ್ಲು, ಇವು ಮೂರೇ ಕೊನೆಗೂ ಕೈಹಿಡಿದವು. ದತ್ತು ಒಯ್ಯುವ ಮನೆಗೂ ಒಂದು ಗಡಿಗೆ, ಎರಡು ಫರಸಿ ಕೊಟ್ಟೇ ಕಳಿಸುತ್ತೇನೆ.

ಮೇವಿನಲ್ಲಿ ಹಲವು ಪ್ರಯೋಗ ಮಾಡಿದ್ದೇನೆ. ಕುದುರೆ ಮಸಾಲೆ (ಲೂಸರ್ನ್) ಎಂಬ ಮೇವಿನ ಸೊಪ್ಪನ್ನೇ ಒಣಗಿಸಿ ಹಾಕಿದ ವರ್ಷ ದೊಡ್ಡ ಮೊಲಗಳ ಮೂತ್ರದಲ್ಲಿ ಬಿಳಿಯ ಗಸಿ ಕಾಣಿಸಿಕೊಂಡಿತು. ಸುಣ್ಣದಂಶ ಹೆಚ್ಚಿರುವ ಆ ಸೊಪ್ಪು ಈಗ ಮರಿಗಳಿಗೆ ಮಾತ್ರ. ಎಳೆಯ ಹಸಿ ಜೋಳದ ವಿಷ ದನ ಕಟ್ಟಿದ ಎಲ್ಲರಿಗೂ ಗೊತ್ತಿರುವುದರಿಂದ ಅದರ ಗೋಜಿಗೆ ಹೋಗಲಿಲ್ಲ. ಕಾಲುವೆಯ ದಂಡೆಯ ಗರಿಕೆಯನ್ನು ನೆರಳಿನಲ್ಲಿ ಒಣಗಿಸಿ ಕಟ್ಟಿಟ್ಟುಕೊಂಡದ್ದು ವರ್ಷದ ಮೇವಿನ ಖರ್ಚನ್ನು ಅರ್ಧಕ್ಕೆ ಇಳಿಸಿತು. ಹಿಕ್ಕೆಯನ್ನು ಇಂಡಿ ತಾಲ್ಲೂಕಿನ ಕಡೆಯ ನಿಂಬೆ ಬೆಳೆಗಾರರು ಚೀಲಕ್ಕೆ ನೂರರಂತೆ ಒಯ್ಯುತ್ತಾರೆ.

ಕಾಡುಮೊಲದ ಮರಿ ತಂದವರನ್ನು ಮಾತ್ರ ನೇರವಾಗಿ ಅರಣ್ಯ ಇಲಾಖೆಗೆ ಕಳಿಸುತ್ತೇನೆ. ಹುಟ್ಟುವಾಗಲೇ ಕಣ್ಣು ತೆರೆದಿದ್ದು ಮೈತುಂಬ ಕೂದಲಿರುವ ಆ ಮರಿಯನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ.

ಎಷ್ಟೇ ಪ್ರಯತ್ನಿಸಿದರೂ ಮನೆ ಸಿಗದವು ಈಗ ನನ್ನಲ್ಲಿ ಇಪ್ಪತ್ತರಷ್ಟಿವೆ: ಕತ್ತು ವಾಲಿದವು, ತಿಂಗಳಿಗೊಮ್ಮೆ ಹಲ್ಲು ಕತ್ತರಿಸಬೇಕಾದವು, ಕಣ್ಣು ಹೋದವು. ಇವು ಸಾಯುವವರೆಗೂ ಇಲ್ಲಿಯೇ ಇರುತ್ತವೆ. ಔಷಧಿ ಸೇರಿ ಒಂದಕ್ಕೆ ತಿಂಗಳಿಗೆ ಆರೇಳು ನೂರು ಬೀಳುತ್ತದೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚಿನದನ್ನು ನಮ್ಮಿಂದ ಜೋಡಿ ಒಯ್ದ ಕುಟುಂಬಗಳೇ ಭರಿಸುತ್ತಿವೆ. ಊರಿಗೆ ಹೋಗುವಾಗ ತಮ್ಮ ಮೊಲಗಳನ್ನು ಅವರು ನನ್ನಲ್ಲಿಯೇ ಬಿಟ್ಟು ಹೋಗುತ್ತಾರೆ, ಅದಕ್ಕೆ ನಾನು ಬೇರೆ ಹಣ ಕೇಳುವುದಿಲ್ಲ.