ಏಳು ಗಂಟೆಯೊಳಗಿನ ಬಿಯರು: ಬಳ್ಳಾರಿಯವನ ಹ್ಯಾಪಿ ಅವರ್ ಲೆಕ್ಕ

ನನ್ನದು ಬಳ್ಳಾರಿಯಲ್ಲಿ ಸಣ್ಣ ಜೀನ್ಸ್ ಯೂನಿಟ್. ಹನ್ನೆರಡು ಮಷಿನ್, ಒಬ್ಬ ಕಟಿಂಗ್ ಮಾಸ್ಟರ್, ವಾಷಿಂಗ್ ಹೊರಗಡೆ. ತಿಂಗಳಿಗೆ ಒಂದು ಸಲವಾದರೂ ಬೆಂಗಳೂರಿಗೆ ಹೋಗಲೇಬೇಕು. ಚಿಕ್ಕಪೇಟೆಯಲ್ಲಿ ಬಾಕಿ ವಸೂಲಿ, ಮಾಮೂಲ್‌ಪೇಟೆಯಲ್ಲಿ ಜಿಪ್ಪು, ಬಟನ್ನು, ರಿವೆಟ್ಟು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್. ಮಧ್ಯಾಹ್ನ ಎರಡಕ್ಕೆಲ್ಲಾ ಕೆಲಸ ಮುಗಿದಿರುತ್ತದೆ. ವಾಪಸ್ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತರ ಸುಮಾರಿಗೆ. ನಡುವಿನ ಏಳೆಂಟು ತಾಸು ಏನು ಮಾಡುವುದು?

ಮೊದಲೆಲ್ಲಾ ಗಾಂಧಿನಗರದ ಯಾವುದಾದರೂ ಥಿಯೇಟರ್‌ಗೆ ನುಗ್ಗಿ ಎಸಿಯಲ್ಲಿ ನಿದ್ದೆ ಹೊಡೆಯುತ್ತಿದ್ದೆ. ಈಗ ಕೆಲವು ವರ್ಷಗಳಿಂದ ಬ್ರೂವರಿಗೆ, ಅಂದರೆ ಅಲ್ಲೇ ಬಿಯರ್ ಮಾಡಿ ಕೊಡುವ ಬಾರ್‌ಗೆ ಹೋಗುತ್ತೇನೆ. ಅದೂ ರೇಟ್ ಇಳಿಸುವ ಹೊತ್ತು, ಹ್ಯಾಪಿ ಅವರ್‌ನಲ್ಲಿ ಮಾತ್ರ. ಬೆಂಗಳೂರಿನವರಿಗೆ ಸಿಗದ ಭಾಗ್ಯ ಇದು. ಆಫರ್ ಇರುವುದು ಸೋಮವಾರದಿಂದ ಗುರುವಾರ, ಮಧ್ಯಾಹ್ನದಿಂದ ಸಂಜೆವರೆಗೆ. ಆ ಹೊತ್ತಿಗೆ ಅವರೆಲ್ಲಾ ಆಫೀಸಿನಲ್ಲಿ ಮೀಟಿಂಗ್‌ನಲ್ಲಿ ಕೂತಿರುತ್ತಾರೆ. ಖಾಲಿ ಕುರ್ಚಿ ತುಂಬಿಸಲಿಕ್ಕೆ ತಾನೇ ಅವರು ರೇಟ್ ಇಳಿಸುವುದು? ಆ ಕುರ್ಚಿಗೆ ಸರಿಯಾದ ಗಿರಾಕಿ ನಮ್ಮಂಥ ಊರಿಂದ ಬಂದವರೇ.

ಇದನ್ನು ಕಲಿಯುವ ಮುಂಚೆ ದುಡ್ಡು ಕಳೆದುಕೊಂಡಿದ್ದೇನೆ. ಮೊದಲ ಸಲ ಕರೆದುಕೊಂಡು ಹೋದವನು ನಮ್ಮಕ್ಕನ ಮಗ, ಸಾಫ್ಟ್‌ವೇರ್ ಹುಡುಗ. "ಮಾಮ, ಬಾಟ್ಲಿ ಬಿಯರ್ ಕುಡಿದು ಕುಡಿದು ನಿಮ್ಮ ನಾಲಿಗೆ ಕೆಟ್ಟಿದೆ, ಬನ್ನಿ" ಅಂದ. ಹೋಗಿದ್ದು ಶನಿವಾರ ರಾತ್ರಿ ಎಂಟಕ್ಕೆ. ಮುಕ್ಕಾಲು ತಾಸು ಹೊರಗೆ ನಿಂತೆವು. ಒಳಗೆ ಮಾತು ಕೇಳಿಸದಷ್ಟು ಡಿಜೆ. ಬಿಲ್ ನೋಡಿದಾಗ ನನ್ನ ಟೇಲರ್ ಒಬ್ಬನ ಎರಡು ವಾರದ ಕೂಲಿ ಕಣ್ಣ ಮುಂದೆ ಬಂತು. ಹುಡುಗ ಕೊಡಲು ಹೋದ, ನಾನು ಬಿಡಲಿಲ್ಲ. ಮಾವ ಅನ್ನಿಸಿಕೊಂಡ ಮೇಲೆ ಬಿಡೋಕಾಗುತ್ತಾ?

ಆದರೆ ಬಿಯರ್ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ನಮ್ಮೂರ ಬಾರ್‌ನಲ್ಲಿ ಸಿಗುವುದು 650 ಎಂಎಲ್ ಬಾಟ್ಲಿ, ಫ್ಯಾಕ್ಟರಿಯಲ್ಲಿ ತುಂಬಿ ಯಾವಾಗಲೋ ಬಂದದ್ದು. ಇಲ್ಲಿ ಗಾಜಿನ ಆಚೆ ಸ್ಟೀಲ್ ಟ್ಯಾಂಕ್ ಕಾಣುತ್ತದೆ, ಅಲ್ಲಿಂದ ಸೀದಾ ಗ್ಲಾಸಿಗೆ. ಬೆಂಗಳೂರಿನಲ್ಲಿ ಇದು ಹಳೆಯದೇನೂ ಅಲ್ಲ. 2011ರ ಸುಮಾರಿಗೆ ದಿ ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್, ಆಮೇಲೆ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಅಂತ ಹೆಸರುಗಳು ಬೆಳೆಯುತ್ತಲೇ ಹೋದವು. ಹೆಫೆವೈಜನ್ ಅಂತ ಒಂದು ಗೋಧಿ ಬಿಯರ್ ಇದೆ, ಬಾಳೆಹಣ್ಣು ಮತ್ತು ಲವಂಗದ ವಾಸನೆ ಬರುತ್ತದೆ. ಎರಡನ್ನೂ ಹಾಕಿರುವುದಿಲ್ಲ, ಯೀಸ್ಟೇ ಆ ವಾಸನೆ ಕೊಡುವುದು. ಬೆಲ್ಜಿಯನ್ ವಿಟ್ ಅನ್ನುವ ಇನ್ನೊಂದು ಗೋಧಿ ಬಿಯರ್‌ಗೆ ಮಾತ್ರ ನಿಜವಾಗಿಯೂ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಕೊತ್ತಂಬರಿ ಬೀಜ ಅಂದಾಗ ನಮ್ಮ ಮನೆಯವಳು "ಸಾರಿಗೆ ಹಾಕೋದನ್ನ ಅದಕ್ಕೂ ಹಾಕ್ತಾರಾ?" ಅಂತ ನಕ್ಕಳು.

ರುಚಿ ಹಿಡಿಸಿತು, ರೇಟ್ ಹಿಡಿಸಲಿಲ್ಲ. ಹಾಗಾಗಿ ವ್ಯಾಪಾರದ ಬುದ್ಧಿ ಇಲ್ಲಿಗೂ ತಂದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ಕರೆಂಟ್ ಹೋಗಿ ಮಷಿನ್ ನಿಂತಾಗ, ಯೂನಿಟ್‌ನಲ್ಲೇ ಕೂತು ಫೋನ್ ಮಾಡುತ್ತೇನೆ. ಹೊರಗೆ ನಲವತ್ತು ಡಿಗ್ರಿ ಬಿಸಿಲು. ಈ ಬಿಸಿಲಲ್ಲಿ ಕೂತು ಬಿಯರ್ ವಿಚಾರಿಸುವ ಸುಖವೇ ಬೇರೆ. ಇನ್‌ಸ್ಟಾಗ್ರಾಮ್ ಪೋಸ್ಟ್ ನಂಬುವುದಿಲ್ಲ, ಕಳೆದ ವರ್ಷದ್ದು ಇನ್ನೂ ಹಾಗೇ ಇರುತ್ತದೆ. ಫೋನಿನಲ್ಲಿ ಎಷ್ಟರಿಂದ ಎಷ್ಟು, ಯಾವ ವಾರ ಅಂತ ಎಲ್ಲರೂ ಕೇಳುತ್ತಾರೆ. ನಾನು ಮುಖ್ಯವಾಗಿ ಕೇಳುವುದು ಬೇರೆ: "ನಿಮ್ಮಲ್ಲೇ ಮಾಡಿದ ಬಿಯರ್‌ಗೆ ಆಫರ್ ಇದೆಯಾ, ಇಲ್ಲಾ ಬರೀ ವಿಸ್ಕಿ, ಬಾಟ್ಲಿಗೆ ಮಾತ್ರಾನಾ?" ಎಷ್ಟೋ ಕಡೆ ಹ್ಯಾಪಿ ಅವರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಟ್ಯಾಂಕಿನ ಬಿಯರ್ ಅದರಲ್ಲಿ ಇರುವುದೇ ಇಲ್ಲ. ಅದಕ್ಕೇ ಹೋದವನಿಗೆ ಇದಕ್ಕಿಂತ ಮೋಸ ಇನ್ನೇನು? ಆಮೇಲೆ ಯಾವ ಅಳತೆಯ ಗ್ಲಾಸು ಅಂತ ಕೇಳುತ್ತೇನೆ. ಕೊನೆಗೆ, ನಾಳೆ ಮ್ಯಾಚ್ ಇದೆಯಾ ಅಂತ. ಕ್ರಿಕೆಟ್ ಇರುವ ಸಂಜೆ ಆಫರ್ ಮಾಯ.

ಗ್ಲಾಸಿನ ಅಳತೆ ಯಾಕೆ ಅಂದರೆ, ಡೆನಿಮ್ ಕೊಳ್ಳುವಾಗ ನಾನು ಥಾನ್ ರೇಟ್ ಕೇಳುವುದಿಲ್ಲ, ಮೀಟರ್‌ಗೆ ಎಷ್ಟು ಬಿತ್ತು ಅಂತ ನೋಡುತ್ತೇನೆ. ಇಲ್ಲೂ ಅಷ್ಟೇ. ಒಂದು ಕಡೆ 330 ಎಂಎಲ್‌ಗೆ 300 ರೂಪಾಯಿ, ಒಂದು ಕೊಂಡರೆ ಒಂದು ಉಚಿತ ಅಂದುಕೊಳ್ಳಿ. ಇನ್ನೊಂದು ಕಡೆ 500 ಎಂಎಲ್‌ಗೆ 400 ರೂಪಾಯಿ, ಶೇಕಡಾ 30 ಕಡಿತ. ಮೊದಲನೆಯದು ಎಂಎಲ್‌ಗೆ ಸುಮಾರು 45 ಪೈಸೆ ಬಿತ್ತು, ಎರಡನೆಯದು 56 ಪೈಸೆ. ಲೆಕ್ಕದಲ್ಲಿ ಮೊದಲನೆಯದೇ ಅಗ್ಗ. ಆದರೆ ನಾನೊಬ್ಬನೇ ಹೋದಾಗ ಎರಡನೆಯದನ್ನೇ ಆರಿಸುತ್ತೇನೆ. ಯಾಕೆಂದರೆ ಒಂದು ಜೊತೆ ಒಂದು ಅಂದಾಗ ಎರಡೂ ಗ್ಲಾಸ್ ಒಟ್ಟಿಗೇ ತಂದಿಡುತ್ತಾರೆ. ಮೊದಲನೆಯದು ಮುಗಿಸುವಷ್ಟರಲ್ಲಿ ಎರಡನೆಯದು ಬೆಚ್ಚಗಾಗಿ ನೊರೆ ಸತ್ತಿರುತ್ತದೆ. "ಎರಡನೇದು ಆಮೇಲೆ ತನ್ನಿ" ಅಂದರೆ ಕೆಲವರು ಒಪ್ಪುತ್ತಾರೆ, ಕೆಲವರು "ಸಿಸ್ಟಮ್ ಬಿಡಲ್ಲ ಸಾರ್" ಅನ್ನುತ್ತಾರೆ. ಜೊತೆಗೆ ಯಾರಾದರೂ ಇದ್ದರೆ ಕಣ್ಣು ಮುಚ್ಚಿ ಮೊದಲನೆಯದು.

ಈ ಸಿಸ್ಟಮ್ ಅನ್ನುವುದೇ ನನ್ನನ್ನು ಇನ್ನೊಂದು ಸಲ ಹೊಡೆಯಿತು. ಒಂದು ಬುಧವಾರ, ಊರಿಂದ ಬಂದಿದ್ದ ಇನ್ನೊಬ್ಬ ಯೂನಿಟ್‌ನವರ ಜೊತೆ ಕೂತಿದ್ದೆ. ಬೋರ್ಡಿನಲ್ಲಿ ಏಳರವರೆಗೆ ಅಂತ ಇತ್ತು. ನನ್ನ ಗಡಿಯಾರದಲ್ಲಿ ಏಳಕ್ಕೆ ಹತ್ತು ನಿಮಿಷ ಇರುವಾಗ ಎರಡನೇ ಜೋಡಿ ಹೇಳಿದೆ. ಹುಡುಗ ತಲೆ ಆಡಿಸಿ ಹೊರಟ. ದಾರಿಯಲ್ಲಿ ದೊಡ್ಡ ಟೇಬಲ್‌ನವರು ಅವನನ್ನು ನಿಲ್ಲಿಸಿಕೊಂಡು ಪನೀರ್ ಖಾರ ಇರುತ್ತಾ, ಚಿಕನ್ ಬೋನ್‌ಲೆಸ್ಸಾ ಅಂತ ಶುರು ಮಾಡಿದರು. ಅವನು ಕಂಪ್ಯೂಟರ್ ಮುಟ್ಟುವ ಹೊತ್ತಿಗೆ ಏಳು ದಾಟಿತ್ತು. ಬಿಲ್‌ನಲ್ಲಿ ಆ ಎರಡು ಗ್ಲಾಸಿಗೆ ಪೂರ್ತಿ ರೇಟು. ಕೆಓಟಿ ಚೀಟಿ ತರಿಸಿದೆ. ಅಡುಗೆಮನೆಗೆ, ಬಾರಿಗೆ ಹೋಗುವ ಆರ್ಡರ್ ಚೀಟಿ ಅದು. ಮೇಲೆ 7:04 ಅಂತ ಅಚ್ಚಾಗಿತ್ತು. ಮ್ಯಾನೇಜರ್ ತುಂಬಾ ಮರ್ಯಾದೆಯಿಂದಲೇ ಮಾತಾಡಿದರು, ಆದರೆ ದುಡ್ಡು ಕಡಿಮೆ ಮಾಡಲಿಲ್ಲ. ಅಂದಿನಿಂದ ನನ್ನ ಕೊನೇ ಆರ್ಡರ್ ಆರೂವರೆಗೆ. "ಈಗಲೇ ಪಂಚ್ ಮಾಡಪ್ಪಾ" ಅಂತ ಹೇಳಿ, ಅವನು ಕಂಪ್ಯೂಟರ್ ಹತ್ತಿರ ಹೋಗುವ ತನಕ ಅವನ ಬೆನ್ನನ್ನೇ ನೋಡುತ್ತಾ ಕೂರುತ್ತೇನೆ.

ಅಗ್ಗದ ಬಿಯರ್ ಯಾಕೆ ಅಗ್ಗ ಅಂತಲೂ ವಿಚಾರಿಸಬೇಕು. ಕೆಲವು ಸಲ ಟ್ಯಾಂಕ್ ಖಾಲಿ ಮಾಡಿ ಹೊಸದು ತುಂಬಬೇಕಿರುತ್ತದೆ, ಆಗ ಆ ಒಂದೇ ಬಿಯರ್‌ಗೆ ಜಾಸ್ತಿ ಕಡಿತ ಕೊಡುತ್ತಾರೆ. ಅದು ಸ್ಟೌಟ್ ಆದರೆ ನಾನು ತಗೊಳ್ಳುತ್ತೇನೆ. ಕಪ್ಪು ಬಿಯರ್, ಕಾಫಿ ಥರ ಕಹಿ, ಸ್ವಲ್ಪ ದಿನ ಇದ್ದರೂ ತಡೆಯುತ್ತದೆ. ಗೋಧಿ ಬಿಯರ್ ಹಳೆಯದಾದರೆ ಸಪ್ಪೆ. ಐಪಿಎ ಅನ್ನುವ ಕಹಿ ಬಿಯರ್‌ನಲ್ಲಿ ಹಾಪ್ಸ್ ಅನ್ನುವ ಹೂವಿನ ವಾಸನೆಯೇ ಜೀವ, ದಿನ ಹೋದಂತೆ ಅದೂ ಹೋಗುತ್ತದೆ. ಹಾಗಾಗಿ ಬಾರ್ ಕೌಂಟರ್ ಹತ್ತಿರವೇ ಕೂರುತ್ತೇನೆ. ಮಧ್ಯಾಹ್ನ ಮೂರಕ್ಕೆ ಅಲ್ಲಿ ಜನ ಇರುವುದಿಲ್ಲ, ಟ್ಯಾಪ್ ಹಿಡಿಯುವ ಹುಡುಗನಿಗೂ ಮಾತಾಡಲು ಯಾರಾದರೂ ಬೇಕು. "ಯಾವುದು ಹೊಸದಾಗಿ ಬಂದಿದೆ?" ಅಂತ ಕೇಳಿದರೆ ನಿಜ ಹೇಳುತ್ತಾನೆ, ಎರಡು ಗುಟುಕು ರುಚಿಗೂ ಕೊಡುತ್ತಾನೆ. ಶನಿವಾರ ರಾತ್ರಿ ಇದೆಲ್ಲಾ ನಡೆಯುತ್ತಾ? ಕೇಳಿಸಿಕೊಳ್ಳುವುದೇ ಇಲ್ಲ. ನನ್ನ ಪ್ರಕಾರ ಹ್ಯಾಪಿ ಅವರ್‌ನ ಅರ್ಧ ಲಾಭ ಈ ಮಾತುಕತೆಯೇ.

ಉಳಿಸಿದ್ದನ್ನು ತಿನ್ನುವುದರಲ್ಲಿ ಕಳೆಯುವುದೂ ಸುಲಭ. ಆಫರ್ ಕುಡಿಯುವುದಕ್ಕೆ ಮಾತ್ರ, ತಟ್ಟೆಗೆ ಇಲ್ಲ. ನಮ್ಮಲ್ಲಿ ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ ತಿಂದು ಮನೆಗೆ ಕಟ್ಟಿಸಿಕೊಂಡು ಹೋಗುವ ದುಡ್ಡಿಗೆ ಅಲ್ಲಿ ಒಂದು ಬಟ್ಟಲು ಶೇಂಗಾ ಮಸಾಲೆಯೂ ಬರುವುದಿಲ್ಲ. ಅದಕ್ಕೇ ಚಿಕ್ಕಪೇಟೆಯಲ್ಲೇ ಹೊಟ್ಟೆ ತುಂಬಾ ಊಟ ಮುಗಿಸಿ, ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೋ ಹಿಡಿಯುತ್ತೇನೆ. ಖಾಲಿ ಹೊಟ್ಟೆಯಲ್ಲಿ ಕುಡಿಯುವುದೂ ತಪ್ಪುತ್ತದೆ.

ಬಿಲ್ ಸಾಲು ಸಾಲಾಗಿ ಓದುವ ಅಭ್ಯಾಸ ನನಗೆ ಮೊದಲಿನಿಂದ ಇದೆ. ಊಟ ತಿಂಡಿಗೆ ಜಿಎಸ್‌ಟಿ ಇರುತ್ತದೆ, ಮಾಮೂಲಿ ರೆಸ್ಟೋರೆಂಟ್‌ನಲ್ಲಿ ಶೇಕಡಾ 5. ಮದ್ಯ ಜಿಎಸ್‌ಟಿಯೊಳಗೆ ಬರುವುದೇ ಇಲ್ಲ. ಬಿಯರ್ ಸೇರಿಸಿ ಒಟ್ಟು ಮೊತ್ತಕ್ಕೆ ಜಿಎಸ್‌ಟಿ ಹಾಕಿದ್ದರೆ ಕೇಳಲೇಬೇಕು. ಸರ್ವಿಸ್ ಚಾರ್ಜ್ ಇನ್ನೊಂದು. ಅದನ್ನು ತಾವಾಗಿಯೇ ಬಿಲ್‌ಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾನು ಜಗಳ ಆಡುವುದಿಲ್ಲ. "ಇದನ್ನ ತೆಗೆದುಬಿಡಿ, ಹುಡುಗನಿಗೆ ಕೈಯಲ್ಲೇ ಕೊಡ್ತೀನಿ" ಅನ್ನುತ್ತೇನೆ, ಕೊಡುತ್ತೇನೆ ಕೂಡ. ಆ್ಯಪ್‌ನಲ್ಲಿ ಬಿಲ್ ಕಟ್ಟಿದರೆ ಸಿಗುವ ರಿಯಾಯಿತಿ ಹ್ಯಾಪಿ ಅವರ್ ಜೊತೆ ಸಾಮಾನ್ಯವಾಗಿ ಸೇರುವುದಿಲ್ಲ, ಎರಡರಲ್ಲಿ ಯಾವುದು ಲಾಭ ಅಂತ ಮೊದಲೇ ನೋಡಿಕೊಂಡಿರಬೇಕು.

ಎಲ್ಲಾ ಲೆಕ್ಕ ಹಾಕಿಯೂ ಕೆಟ್ಟದ್ದು 2024ರ ಏಪ್ರಿಲ್ 25. ಅಂದು ಗುರುವಾರ. ವಸೂಲಿ ಚೆನ್ನಾಗಿ ಆಗಿತ್ತು, ಬಿಸಿಲಿತ್ತು, ಮನಸ್ಸು ಸಿದ್ಧವಾಗಿತ್ತು. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಮರುದಿನ ಬೆಂಗಳೂರಿನಲ್ಲಿ ಲೋಕಸಭೆ ಮತದಾನ. ಮತದಾನ ಮುಗಿಯುವ 48 ತಾಸು ಮುಂಚೆಯಿಂದಲೇ ಮದ್ಯ ಬಂದ್. ನಮ್ಮ ಬಳ್ಳಾರಿಯಲ್ಲಿ ಮತದಾನ ಇದ್ದದ್ದು ಮೇ 7ಕ್ಕೆ, ನನ್ನ ತಲೆಯಲ್ಲಿ ಅದೇ ಕೂತಿತ್ತು. ಆ ಸಲ ಫೋನ್ ಮಾಡಿರಲಿಲ್ಲ ಬೇರೆ. ಪಕ್ಕದಲ್ಲೇ ಎಳನೀರು ಮಾರುತ್ತಿದ್ದವನು "ನೀವು ಬೆಳಿಗ್ಗೆಯಿಂದ ಹತ್ತನೇಯವರು ಸಾರ್" ಅಂದ. ಎಳನೀರು ಕುಡಿದೆ.

ಎರಡು ಗ್ಲಾಸಿಗೆ ನಿಲ್ಲಿಸುವುದು ನನ್ನ ನೇಮ. ವಯಸ್ಸು, ಆರೋಗ್ಯ ಅಂತೆಲ್ಲಾ ಹೇಳಬಹುದು. ನಿಜವಾದ ಕಾರಣ ರೈಲಿನಲ್ಲಿ ನನಗೆ ಯಾವಾಗಲೂ ಸಿಗುವ ಮೇಲಿನ ಬರ್ತು. ರಾತ್ರಿ ಮೂರು ಸಲ ಇಳಿದು ಹತ್ತಿ ನೋಡಿ, ಗೊತ್ತಾಗುತ್ತೆ. ಗಾಡಿ ಓಡಿಸುವ ಪ್ರಶ್ನೆ ಇಲ್ಲ, ಮೆಟ್ರೋ ಇದೆ. ಏಳೂವರೆಗೆ ಹೊರಬಿದ್ದರೆ ಎಂಟೂವರೆಗೆ ಸ್ಟೇಷನ್‌ನಲ್ಲಿ ಮೊಸರನ್ನ ತಿನ್ನುತ್ತಿರುತ್ತೇನೆ.

ಗೆಳೆಯರು "ನಮಗೂ ಒಂದು ಕ್ಯಾನ್ ತಗೊಂಡು ಬಾ" ಅನ್ನುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಸರ್ಕಾರ ಬ್ರೂವರಿಗಳಿಗೆ ಒಬ್ಬರಿಗೆ ಎರಡು ಲೀಟರ್‌ವರೆಗೆ ಪಾರ್ಸೆಲ್ ಕೊಡಲು ಬಿಟ್ಟಿತ್ತು, ಅದನ್ನು ಇವರು ಎಲ್ಲೋ ಓದಿದ್ದಾರೆ. ರೈಲಿನಲ್ಲಿ ಅದನ್ನೆಲ್ಲಾ ಹೊತ್ತು ತರುವ ಉಸಾಬರಿ ನನಗೆ ಬೇಡ. ತಂದರೂ ಎಂಟು ತಾಸು ಅಲ್ಲಾಡಿ, ಬೆಚ್ಚಗಾಗಿ, ಬಳ್ಳಾರಿಯಲ್ಲಿ ಮುಚ್ಚಳ ತೆಗೆದಾಗ ಅದು ಬಿಯರ್ ಆಗಿರುವುದಿಲ್ಲ. ಅವರಿಗೆ ಬೇಕಾದರೆ ಮಂಗಳವಾರ ನನ್ನ ಜೊತೆ ಬರಲಿ.

ನನ್ನ ಖರೀದಿ ಪುಸ್ತಕದಲ್ಲಿ ಮುಂದಿನಿಂದ ಜಿಪ್ಪು, ಬಟನ್ ರೇಟ್ ಇವೆ. ಹಿಂದಿನಿಂದ ಬ್ರೂವರಿಗಳು: ಗ್ಲಾಸಿನ ಅಳತೆ, ಹೊತ್ತು, ಪೈಸೆ. ಹೋದ ವಾರ ಅಕ್ಕನ ಮಗ ಫೋನ್ ಮಾಡಿದ್ದ. ಬೆಂಗಳೂರಿನಲ್ಲೇ ಹತ್ತು ವರ್ಷದಿಂದ ಇರುವವನು.

"ಮಾಮ, ಗುರುವಾರ ಎಲ್ಲಿ ಒಳ್ಳೇ ಆಫರ್ ಇದೆ?"

ಪುಸ್ತಕ ತಿರುಗಿಸಿ ಹೇಳಿದೆ. ಏಳರೊಳಗೆ ಬರೋಕೆ ಆಗುತ್ತಾ ಅಂತ ಕೇಳಿದೆ. ಆರಕ್ಕೆ ಅಮೆರಿಕದವರ ಜೊತೆ ಕಾಲ್ ಇದೆಯಂತೆ.